ಪರಿಸರಸ್ನೇಹಿ ಬಟ್ಟೆ: ಚೀಟಿಗಿಂತ ಮೊದಲು ಲೆಕ್ಕವಿರಲಿ

ಜವಳಿ ಅಂಗಡಿಗಳ ಕಪಾಟುಗಳಲ್ಲಿ ಕೆಲವು ವರ್ಷಗಳಿಂದ ಹೊಸದೊಂದು ಚೀಟಿ ಕಾಣಿಸಿಕೊಂಡಿದೆ. ದರ, ಅಳತೆ ಮತ್ತು ತಯಾರಕರ ಹೆಸರಿನ ಪಕ್ಕದಲ್ಲಿ ಹಸಿರು ಎಲೆಯ ಚಿತ್ರ. ಅದರ ಕೆಳಗೆ 'ಪರಿಸರಸ್ನೇಹಿ', 'ನೈಸರ್ಗಿಕ', 'ಸಾವಯವ', 'ಸುಸ್ಥಿರ' ಎಂಬ ಪದಗಳಲ್ಲೊಂದು. ಈ ಚೀಟಿ ಇರುವ ಅಂಗಿಗೆ ನಾಲ್ಕು ಕಾಸು ಹೆಚ್ಚು ಕೊಡುವ ಗ್ರಾಹಕರು ಇಂದು ನಗರಗಳಲ್ಲಿ ಸಾಕಷ್ಟಿದ್ದಾರೆ. ಆದರೆ ಆ ಪದಕ್ಕೆ ಆಧಾರವೇನೆಂದು ಅವರಲ್ಲೊಬ್ಬರು ಕೇಳಿದರೆ ಅಂಗಡಿಯವರು ಸಗಟು ವ್ಯಾಪಾರಿಯನ್ನೂ, ಸಗಟು ವ್ಯಾಪಾರಿಯು ತಯಾರಕರನ್ನೂ, ತಯಾರಕರು ನೂಲು ಮಾರಿದವರನ್ನೂ ತೋರಿಸುವುದೇ ಸಾಮಾನ್ಯವಾಗಿದೆ. ಅಸಲು ಉತ್ತರ ಯಾರ ಬಳಿಯೂ ಇರುವುದಿಲ್ಲ.

ವ್ಯಾಪಾರದಲ್ಲಿ ಆಧಾರವಿಲ್ಲದ ಮಾತಿಗೆ ಬೆಲೆ ಪಡೆಯುವುದಕ್ಕೆ ಹಳೆಯ ಹೆಸರೊಂದಿದೆ: ಕಲಬೆರಕೆ. ತುಪ್ಪದಲ್ಲಿ, ಚಿನ್ನದಲ್ಲಿ, ರೇಷ್ಮೆಯಲ್ಲಿ ಕಲಬೆರಕೆಯನ್ನು ತಪ್ಪೆಂದು ತಿಳಿದ ವರ್ತಕ ಸಮುದಾಯವು ಪರಿಸರದ ಹೆಸರಿನಲ್ಲಿ ನಡೆಯುವ ಕಲಬೆರಕೆಯನ್ನು ಇನ್ನೂ ಜಾಹೀರಾತಿನ ಜಾಣತನವೆಂದೇ ಭಾವಿಸಿದೆ. ಈ ಭಾವನೆ ಬದಲಾಗದಿದ್ದರೆ ಅದರ ಪೆಟ್ಟು ಮೊದಲು ಬೀಳುವುದು ನಿಜವಾಗಿ ಶುದ್ಧ ಸರಕು ತಯಾರಿಸುವ ಸಣ್ಣ ಉದ್ಯಮಿಯ ಮೇಲೆ. ಆದುದರಿಂದ 'ಪರಿಸರಸ್ನೇಹಿ' ಎಂಬ ಪದವನ್ನು ಚೀಟಿಯ ಮೇಲೆ ಮುದ್ರಿಸುವ ಮುನ್ನ ಅದರ ಲೆಕ್ಕವನ್ನು ಖಾತೆ ಪುಸ್ತಕದಲ್ಲಿ ಬರೆಯುವ ಪದ್ಧತಿಯನ್ನು ಜವಳಿ ವ್ಯಾಪಾರವು ತಾನಾಗಿಯೇ ರೂಢಿಸಿಕೊಳ್ಳಬೇಕಾದ ಕಾಲ ಬಂದಿದೆ.

ಕಾನೂನಿನ ದೃಷ್ಟಿ

ಭಾರತದಲ್ಲಿ ಈ ವಿಷಯವು ಈಗ ಕೇವಲ ನೀತಿಯ ಪ್ರಶ್ನೆಯಾಗಿ ಉಳಿದಿಲ್ಲ. ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರ್ 15ರಂದು ಹಸಿರಿನ ಸೋಗು, ಅಂದರೆ 'ಗ್ರೀನ್‌ವಾಷಿಂಗ್' ಹಾಗೂ ದಾರಿ ತಪ್ಪಿಸುವ ಪರಿಸರ ಹೇಳಿಕೆಗಳನ್ನು ತಡೆಯಲು ಮಾರ್ಗಸೂಚಿಗಳನ್ನು ಹೊರಡಿಸಿತು. ಪರಿಸರಸ್ನೇಹಿ, ನೈಸರ್ಗಿಕ, ಸಾವಯವ, ಸುಸ್ಥಿರ ಮೊದಲಾದ ಸಾಮಾನ್ಯ ಪದಗಳನ್ನು ನಿಖರವಾದ ವಿವರಣೆ ಮತ್ತು ಪುರಾವೆಗಳಿಲ್ಲದೆ ಬಳಸುವಂತಿಲ್ಲವೆಂದು ಅವು ಹೇಳುತ್ತವೆ. ಹೇಳಿಕೆಯು ಸರಕಿಗೆ ಸಂಬಂಧಿಸಿದ್ದೋ, ಅದನ್ನು ಕಟ್ಟಿದ ಹೊದಿಕೆಗೆ ಸಂಬಂಧಿಸಿದ್ದೋ ಅಥವಾ ತಯಾರಿಕೆಯ ಕ್ರಮಕ್ಕೆ ಸಂಬಂಧಿಸಿದ್ದೋ ಎಂಬುದನ್ನು ಸ್ಪಷ್ಟಪಡಿಸಬೇಕು. ತಯಾರಕರ ಜೊತೆಗೆ ವರ್ತಕರೂ ಈ ಮಾರ್ಗಸೂಚಿಗಳ ವ್ಯಾಪ್ತಿಗೆ ಬರುತ್ತಾರೆ.

ತಾವು ಪತ್ರಿಕೆಯಲ್ಲಾಗಲಿ ದೂರದರ್ಶನದಲ್ಲಾಗಲಿ ಜಾಹೀರಾತು ಕೊಟ್ಟಿಲ್ಲ, ಆದ್ದರಿಂದ ಇದು ತಮಗೆ ಅನ್ವಯಿಸದು ಎಂದು ಸಣ್ಣ ವರ್ತಕರು ನೆಮ್ಮದಿಯಿಂದಿರುವುದು ಸಾಧ್ಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಜಾಹೀರಾತು ಎಂಬ ಪದಕ್ಕೆ ಕೊಟ್ಟಿರುವ ಅರ್ಥವನ್ನು ಅವರು ಒಮ್ಮೆ ಓದುವುದು ಒಳಿತು. ಸರಕಿಗೆ ಅಂಟಿಸಿದ ಲೇಬಲ್, ಸುತ್ತಿದ ಹೊದಿಕೆ, ಕೊನೆಗೆ ಗ್ರಾಹಕರ ಕೈಗೆ ಕೊಡುವ ಬಿಲ್ಲು ಕೂಡ ಅಲ್ಲಿ ಜಾಹೀರಾತೇ ಆಗಿದೆ. ದಾರಿ ತಪ್ಪಿಸುವ ಜಾಹೀರಾತಿಗಾಗಿ ಪ್ರಾಧಿಕಾರವು ತಯಾರಕರಿಗೆ ಮೊದಲ ಬಾರಿಗೆ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಸಣ್ಣ ಘಟಕವೊಂದರ ದುಡಿಯುವ ಬಂಡವಾಳವೇ ಇಷ್ಟಿರುವುದಿಲ್ಲ.

ರಫ್ತು ಮಾಡುವವರಿಗೆ ನಿಯಮಗಳು ಇನ್ನೂ ಬಿಗಿಯಾಗಿವೆ. ಐರೋಪ್ಯ ಒಕ್ಕೂಟವು 2024ರಲ್ಲಿ ಅಂಗೀಕರಿಸಿದ ನಿರ್ದೇಶನವೊಂದು, ಮಾನ್ಯವಾದ ಪುರಾವೆಯಿಲ್ಲದ ಸಾಮಾನ್ಯ ಪರಿಸರ ಹೇಳಿಕೆಗಳನ್ನೂ, ಯಾವ ಸ್ವತಂತ್ರ ಪ್ರಮಾಣೀಕರಣವೂ ಇಲ್ಲದೆ ಮಾರಾಟಗಾರರೇ ರೂಪಿಸಿಕೊಂಡ ಸುಸ್ಥಿರತೆಯ ಚಿಹ್ನೆಗಳನ್ನೂ ನಿಷೇಧಿಸುತ್ತದೆ. ಅದು ಅನ್ವಯವಾಗುವ ದಿನಾಂಕ 2026ರ ಸೆಪ್ಟೆಂಬರ್ 27. ಅಲ್ಲಿನ ಖರೀದಿದಾರರು ಈ ಹೊಣೆಯನ್ನು ತಾವೊಬ್ಬರೇ ಹೊರುವುದಿಲ್ಲ. ಅವರ ಪ್ರಶ್ನಾವಳಿಗಳು ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗೂ, ಅಲ್ಲಿಂದ ಅದಕ್ಕೆ ಬಟ್ಟೆ ಒದಗಿಸುವ ವಿದ್ಯುತ್ ಮಗ್ಗದ ಮಾಲೀಕರಿಗೂ ಬಂದೇ ಬರುತ್ತವೆ.

ಬಿದಿರಿನ ಪಾಠ

ಒಂದು ಪದವು ವ್ಯಾಪಾರಕ್ಕೆ ಎಷ್ಟು ದುಬಾರಿಯಾಗಬಹುದೆಂಬುದಕ್ಕೆ ಬಿದಿರಿನ ಬಟ್ಟೆಯ ಕಥೆಯೇ ಸಾಕ್ಷಿ. ಬಿದಿರು ಬೇಗ ಬೆಳೆಯುತ್ತದೆ, ಹೆಚ್ಚು ಆರೈಕೆ ಬೇಡುವುದಿಲ್ಲ. ಆದ್ದರಿಂದ ಬಿದಿರಿನ ಬಟ್ಟೆ ಪರಿಸರಕ್ಕೆ ಹಿತವೆಂಬ ಮಾತು ಜಗತ್ತಿನಾದ್ಯಂತ ಹರಡಿತು. ಆದರೆ ಮಾರುಕಟ್ಟೆಯಲ್ಲಿ ಬಿದಿರಿನದೆಂದು ಮಾರಾಟವಾಗುವ ಮೆದುವಾದ ಬಟ್ಟೆಯಲ್ಲಿ ಬಹುಪಾಲು ರೇಯಾನ್ ಅಥವಾ ವಿಸ್ಕೋಸ್ ಆಗಿರುತ್ತದೆ. ಬಿದಿರಾಗಲಿ ನೀಲಗಿರಿಯಾಗಲಿ, ಮೊದಲು ಅದನ್ನು ತಿರುಳಾಗಿಸಿ, ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡ್‌ಗಳಿಂದ ಕರಗಿಸಿ, ಗಂಧಕಾಮ್ಲದ ತೊಟ್ಟಿಯಲ್ಲಿ ಮತ್ತೆ ಎಳೆಯಾಗಿಸಲಾಗುತ್ತದೆ. ಎಳೆಯಾಗಿ ಹೊರಬರುವಾಗ ಅದು ಬಿದಿರೋ ಬೇರೆ ಮರವೋ ಎಂಬ ಗುರುತು ಉಳಿದಿರುವುದಿಲ್ಲ. ಬಳಸಿದ ರಾಸಾಯನಿಕಗಳು ಎಲ್ಲಿಗೆ ಹೋದವೆಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲಿಯೇ ರೇಯಾನನ್ನು ಬಿದಿರೆಂದು ಮಾರಿದ ಸಂಸ್ಥೆಗಳ ಮೇಲೆ ಕ್ರಮ ಕೈಗೊಂಡಿತು. 2013ರಲ್ಲಿ ಇದೇ ಕಾರಣಕ್ಕೆ ನಾಲ್ಕು ದೊಡ್ಡ ಮಾರಾಟ ಸಂಸ್ಥೆಗಳು ಒಟ್ಟು 12 ಲಕ್ಷ 60 ಸಾವಿರ ಡಾಲರ್ ದಂಡ ತೆತ್ತವು. 2022ರಲ್ಲಿ ವಾಲ್‌ಮಾರ್ಟ್ ಮತ್ತು ಕೋಲ್ಸ್ ಸಂಸ್ಥೆಗಳ ಮೇಲಿನ ಇಂತಹದೇ ಪ್ರಕರಣವು ಒಟ್ಟು 55 ಲಕ್ಷ ಡಾಲರ್‌ಗಳಿಗೆ ಮುಗಿಯಿತು. ಕಾನೂನು ತಜ್ಞರ ಪಡೆಯನ್ನೇ ಇಟ್ಟುಕೊಂಡ ಸಂಸ್ಥೆಗಳೂ ಒಂದು ಪದದಿಂದ ಇಷ್ಟು ಕಳೆದುಕೊಂಡವೆಂದರೆ, ಸೂರತ್ತಿನಿಂದಲೋ ಭಿವಂಡಿಯಿಂದಲೋ ಥಾನು ತರಿಸಿ ಅದರ ಮೇಲೆ 'ಬಿದಿರು' ಎಂದು ಚೀಟಿ ಹಚ್ಚುವ ಅಂಗಡಿಯವರು ಎಚ್ಚರದಿಂದಿರಬೇಕು.

ಮರದ ತಿರುಳಿನಿಂದ ಎಳೆ ತೆಗೆಯುವ ಉದ್ಯಮ ಕನ್ನಡ ನಾಡಿಗೆ ಹೊಸದೇನಲ್ಲ. ತುಂಗಭದ್ರೆಯ ದಡದ ಹರಿಹರದಲ್ಲಿ ತಿರುಳು ಮತ್ತು ಕೃತಕ ನಾರಿನ ಕಾರ್ಖಾನೆಗಳು 1970ರ ದಶಕದಲ್ಲಿ ಬಂದವು. ನೂರಾರು ಕುಟುಂಬಗಳಿಗೆ ಅವು ಅನ್ನ ಕೊಟ್ಟದ್ದು ನಿಜ. ನದಿಯ ನೀರು ಕೆಟ್ಟಿತೆಂದು 1980ರ ದಶಕದಲ್ಲಿ ಕೆಳಭಾಗದ ಹಳ್ಳಿಗಳು ದನಿಯೆತ್ತಿದ್ದೂ ನಿಜ. ಕಾರ್ಖಾನೆಗೆ ನೀಲಗಿರಿ ಬೆಳೆಸಲು 1984ರಲ್ಲಿ ರಾಜ್ಯ ಸರ್ಕಾರದ ಪಾಲುದಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆ ಸ್ಥಾಪನೆಯಾಗಿ, ಸುಮಾರು 30 ಸಾವಿರ ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ಅದಕ್ಕೆ ಕೊಡುವ ಯೋಜನೆಯಾಯಿತು. ದನಗಳ ಮೇವಿಗೆ, ಒಲೆಯ ಸೌದೆಗೆ ಹಳ್ಳಿಗರು ನೆಚ್ಚಿಕೊಂಡಿದ್ದ ಭೂಮಿ ಅದಾಗಿತ್ತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು ಉಪಯುಕ್ತ ಮರಗಳ ಸಸಿಗಳನ್ನು ನೆಟ್ಟ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಡೆಯಿತು. 1991ರಲ್ಲಿ ಆ ಸಂಸ್ಥೆಯನ್ನು ಮುಚ್ಚಲಾಯಿತು.

ಈ ಇತಿಹಾಸವನ್ನು ನೆನೆಯುವುದು ವಿಸ್ಕೋಸ್ ಬಟ್ಟೆ ಮಾರಬಾರದೆಂದು ಹೇಳುವುದಕ್ಕಲ್ಲ. ಅದೇ ಮರದ ತಿರುಳಿನಿಂದ ಲಿಯೋಸೆಲ್ ಎಂಬ ನಾರನ್ನು ಬೇರೊಂದು ದ್ರಾವಕದಲ್ಲಿ ತಯಾರಿಸಿ, ಆ ದ್ರಾವಕದಲ್ಲಿ ಬಹುತೇಕ ಪೂರ್ತಿಯನ್ನು ಮರಳಿ ಬಳಸುವ ವಿಧಾನ ಬಂದು ಹಲವು ವರ್ಷಗಳಾಗಿವೆ. ಮರದಿಂದ ಬಂದದ್ದೆಲ್ಲ ಹಿತವೆಂದೂ, ಕಾರ್ಖಾನೆಯಿಂದ ಬಂದದ್ದೆಲ್ಲ ಅಹಿತವೆಂದೂ ಹೇಳಲಾಗದು. ಯಾವ ಭೂಮಿಯ ಮರ, ಯಾವ ವಿಧಾನ, ನೀರು ಎಲ್ಲಿಗೆ ಹೋಯಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿದ್ದವರು ಮಾತ್ರ ಆ ಬಟ್ಟೆಯ ಗುಣದ ಬಗ್ಗೆ ಮಾತನಾಡಬಹುದು.

ಹತ್ತಿಯ ಲೆಕ್ಕ

ಹತ್ತಿಯ ವಿಷಯಕ್ಕೆ ಬಂದರೆ ಗೊಂದಲ ಇನ್ನೂ ಹೆಚ್ಚು. ಹತ್ತಿ ವಿಪರೀತ ನೀರು ಕುಡಿಯುವ ಬೆಳೆಯೆಂದು ಪರದೇಶದ ಪುಸ್ತಿಕೆಗಳು ಬರೆಯುತ್ತವೆ. ಹತ್ತಿ ನೈಸರ್ಗಿಕವಾದ್ದರಿಂದ ತಾನಾಗಿಯೇ ಶುದ್ಧವೆಂದು ಇಲ್ಲಿನ ಚೀಟಿಗಳು ಸಾರುತ್ತವೆ. ಎರಡೂ ಅರ್ಧ ಸತ್ಯಗಳು. ಭಾರತದಲ್ಲಿ ಹತ್ತಿ ಬೆಳೆಯುವ ಪ್ರದೇಶದ ಸುಮಾರು ಮೂರನೆಯ ಎರಡು ಭಾಗ ಮಳೆಯನ್ನೇ ನಂಬಿದೆ. ಧಾರವಾಡ ಸೀಮೆಯ ಕರಿ ಎರೆ ಭೂಮಿಯಲ್ಲಿ ಮುಂಗಾರಿನ ಕೊನೆಗೆ ಬಿತ್ತಿ, ನೆಲದಲ್ಲಿ ಉಳಿದ ತೇವದಿಂದಲೇ ಬೆಳೆದು ಬೇಸಿಗೆಯ ಹೊತ್ತಿಗೆ ಬಿಡಿಸುವ ಜಯಧರ ಹತ್ತಿಗೆ ಜಾಗತಿಕ ಸರಾಸರಿಯ ನೀರಿನ ಲೆಕ್ಕವನ್ನು ಹಚ್ಚುವುದು ಅನ್ಯಾಯ. ಕಾಲುವೆ ನೀರಿನಲ್ಲಿ, ಹಲವು ಬಾರಿ ಔಷಧ ಸಿಂಪಡಿಸಿ ಬೆಳೆದ ಹತ್ತಿಯನ್ನು 'ನೈಸರ್ಗಿಕ' ಎಂಬ ಒಂದೇ ಪದದಿಂದ ಜಯಧರದ ಪಕ್ಕದಲ್ಲಿ ನಿಲ್ಲಿಸುವುದೂ ಅಷ್ಟೇ ಅನ್ಯಾಯ.

ಜಯಧರವು ಹಿಂದೆ ಸರಿದದ್ದಕ್ಕೆ ವ್ಯಾಪಾರದ ಕಾರಣಗಳೇ ಇವೆ. ಅದರ ಎಳೆ ಗಿಡ್ಡ. ಒರಟು ನೂಲಿಗೆ ಮಾತ್ರ ಹೊಂದುತ್ತದೆ. ಧಾರವಾಡದ ಸಂಶೋಧನಾ ಕೇಂದ್ರದಿಂದಲೇ 1972ರಲ್ಲಿ ವರಲಕ್ಷ್ಮಿ, ಅನಂತರ ಡಿಸಿಎಚ್-32 ಎಂಬ ಉದ್ದ ಎಳೆಯ ಸಂಕರ ತಳಿಗಳು ಬಂದಾಗ ರೈತರಿಗೆ ಹೆಚ್ಚಿನ ಬೆಲೆಯೂ ಗಿರಣಿಗಳಿಗೆ ನಯವಾದ ನೂಲೂ ದೊರೆತವು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ಮೇಲೆ ದೇಶದ ಹತ್ತಿ ಹೊಲಗಳ ಬಹುಭಾಗವನ್ನು ಅದು ಆವರಿಸಿತು. ಈಗ ದೇಸಿ ಹತ್ತಿ ಬೆಳೆದ ರೈತರಿಗೆ ಎದುರಾಗುವ ಮೊದಲ ತೊಡಕು ಜಿನ್ನಿಂಗ್ ಕಾರ್ಖಾನೆಯಲ್ಲೇ ಇದೆ. ಐದಾರು ಕ್ವಿಂಟಲ್ ಹತ್ತಿಗಾಗಿ ಯಂತ್ರ ನಿಲ್ಲಿಸಿ, ಸ್ವಚ್ಛಗೊಳಿಸಿ, ಬೇರೆಯಾಗಿ ಅರೆದು ಕೊಡುವುದು ಯಾವ ಮಾಲೀಕರಿಗೂ ಲಾಭದ ಮಾತಲ್ಲ. ಹೀಗಾಗಿ ಒಳ್ಳೆಯ ಹತ್ತಿಯೂ ಎಲ್ಲ ಹತ್ತಿಯೊಡನೆ ಒಂದೇ ರಾಶಿಗೆ ಬಿದ್ದು ತನ್ನ ಗುರುತನ್ನು ಕಳೆದುಕೊಳ್ಳುತ್ತದೆ. ಗುರುತು ಕಳೆದುಕೊಂಡ ಸರಕಿಗೆ ಹೆಚ್ಚಿನ ಬೆಲೆ ದೊರೆಯುವುದಾದರೂ ಹೇಗೆ?

ಗುರುತನ್ನು ಕಾಯಲೆಂದೇ ಪ್ರಮಾಣಪತ್ರಗಳು ಹುಟ್ಟಿದವು. ಆದರೆ ಕಾಗದವನ್ನೂ ಕಲಬೆರಕೆ ಮಾಡಬಹುದೆಂಬುದು 2020ರಲ್ಲಿ ಬಯಲಾಯಿತು. ಸಾವಯವ ಜವಳಿಗೆ ಜಗತ್ತಿನಲ್ಲಿ ಹೆಚ್ಚು ಮಾನ್ಯತೆಯಿರುವ ಗಾಟ್ಸ್ ಎಂಬ ಮಾನದಂಡದ ಸಂಸ್ಥೆಯು, ಭಾರತದ ಸುಮಾರು 20 ಸಾವಿರ ಟನ್ ಹತ್ತಿಗೆ ನಕಲಿ ವಹಿವಾಟು ಪತ್ರಗಳನ್ನು ಸೃಷ್ಟಿಸಲಾಗಿತ್ತೆಂದು ಆ ವರ್ಷದ ಅಕ್ಟೋಬರ್‌ನಲ್ಲಿ ಪ್ರಕಟಿಸಿ, ಹಲವು ಸಂಸ್ಥೆಗಳನ್ನು ನಿಷೇಧಿಸಿತು. ತಪ್ಪು ಮಾಡಿದವರು ಕೆಲವರು. ಅನುಮಾನದ ನೋಟ ಎದುರಿಸಿದವರು ಭಾರತದ ಸಾವಯವ ಹತ್ತಿಯನ್ನು ಪ್ರಾಮಾಣಿಕವಾಗಿ ಬೆಳೆದ, ನೂತ, ನೇಯ್ದ ಎಲ್ಲರೂ. ಕಲಬೆರಕೆಯ ಸ್ವಭಾವವೇ ಇದು. ಅದು ಗ್ರಾಹಕರಿಗೆ ಮಾಡುವ ಮೋಸಕ್ಕಿಂತ ಪಕ್ಕದ ಅಂಗಡಿಯ ಪ್ರಾಮಾಣಿಕ ವರ್ತಕರಿಗೆ ಮಾಡುವ ಹಾನಿಯೇ ದೊಡ್ಡದು.

ಬಣ್ಣದ ನೀರು

ಹತ್ತಿ ಸಾವಯವವೇ ಇರಲಿ, ಬಟ್ಟೆಯ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ನೂಲಿಗೆ ಬಣ್ಣ ಹಚ್ಚುವಲ್ಲಿ ಇನ್ನೊಂದು ಖಾತೆ ತೆರೆಯುತ್ತದೆ. ಹತ್ತಿ ನೂಲಿಗೆ ಇಂದು ಹೆಚ್ಚಾಗಿ ಬಳಸುವ ರಿಯಾಕ್ಟಿವ್ ಬಣ್ಣಗಳು ಹಿಡಿಯಬೇಕಾದರೆ ತೊಟ್ಟಿಗೆ ಹೇರಳವಾಗಿ ಉಪ್ಪು ಸುರಿಯಬೇಕು. ಬಣ್ಣದ ಹೆಚ್ಚಿನ ಪಾಲು ನೂಲಿಗೆ ಸೇರಿದರೂ ಉಪ್ಪೆಲ್ಲ ನೀರಿನಲ್ಲಿಯೇ ಉಳಿಯುತ್ತದೆ. ಸಾಮಾನ್ಯ ಶುದ್ಧೀಕರಣದಿಂದ ನೀರಿನ ಬಣ್ಣ ಹೋಗಬಹುದು, ಕರಗಿದ ಉಪ್ಪು ಹೋಗುವುದಿಲ್ಲ. ನೋಡಲು ತಿಳಿಯಾಗಿ ಕಾಣುವ ಆ ನೀರು ಹೊಲಕ್ಕೆ ಹರಿದರೆ ಮಣ್ಣು ಸೌಳಾಗುತ್ತದೆ, ಬಾವಿ ಕೆಡುತ್ತದೆ.

ತಮಿಳುನಾಡಿನ ತಿರುಪ್ಪೂರು ಇದಕ್ಕೆ ತೆತ್ತ ಬೆಲೆಯನ್ನು ಜವಳಿ ವ್ಯಾಪಾರದ ಯಾರೂ ಮರೆಯುವಂತಿಲ್ಲ. ಅಲ್ಲಿನ ಬಣ್ಣದ ಘಟಕಗಳ ನೀರು ನೊಯ್ಯಲ್ ನದಿಗೆ ಸೇರಿ, ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಜಲಾಶಯದಲ್ಲಿ ತುಂಬಿಕೊಂಡಿತು. ಜಲಾಶಯದ ನೀರನ್ನು ತಮ್ಮ ಹೊಲಗಳಿಗೆ ಬಿಡಬೇಡಿರೆಂದು ರೈತರೇ ಬೇಡುವ ಸ್ಥಿತಿ ಬಂತು. ವರ್ಷಗಟ್ಟಲೆ ನಡೆದ ಮೊಕದ್ದಮೆಯಲ್ಲಿ ಗಡುವಿನ ಮೇಲೆ ಗಡುವು ಕಳೆದು, 2011ರ ಜನವರಿ 28ರಂದು ಮದ್ರಾಸ್ ಹೈಕೋರ್ಟು ಏಳುನೂರಕ್ಕೂ ಹೆಚ್ಚು ಬಣ್ಣ ಮತ್ತು ಬಿಳುಪಿನ ಘಟಕಗಳನ್ನು ಮುಚ್ಚಿಸಿತು. ದೇಶದ ಹೆಣಿಗೆ ಉಡುಪು ರಫ್ತಿನ ರಾಜಧಾನಿಯಲ್ಲಿ ಬಣ್ಣದ ಕೆಲಸ ನಿಂತುಹೋಯಿತು. ಅನಂತರ ನೀರನ್ನೂ ಉಪ್ಪನ್ನೂ ಮರಳಿ ಪಡೆದು ಬಳಸುವ ಸಾಮೂಹಿಕ ಘಟಕಗಳಿಂದ ತಿರುಪ್ಪೂರು ಮತ್ತೆ ಎದ್ದು ನಿಂತಿತು. ಇಂದು ಅದೇ ವ್ಯವಸ್ಥೆಯನ್ನು ಖರೀದಿದಾರರಿಗೆ ತೋರಿಸಿ ವ್ಯಾಪಾರ ಮಾಡುತ್ತಿದೆ. ಮೊದಲೇ ಮಾಡಬಹುದಾಗಿದ್ದ ಖರ್ಚನ್ನು ನ್ಯಾಯಾಲಯದ ಆಜ್ಞೆಯ ನಂತರ, ಮುಚ್ಚಿದ ಬಾಗಿಲುಗಳ ನಷ್ಟವನ್ನೂ ಸೇರಿಸಿ ಮಾಡಬೇಕಾಯಿತು ಎಂಬುದೇ ಇಲ್ಲಿ ಗಮನಿಸಬೇಕಾದ ಅಂಶ.

ಈ ಪಾಠವು ಕರ್ನಾಟಕಕ್ಕೂ ಅನ್ವಯಿಸುತ್ತದೆ. ಬಳ್ಳಾರಿಯ ಜೀನ್ಸ್ ಉದ್ಯಮವು ಮನೆಮನೆಯ ಹೊಲಿಗೆ ಯಂತ್ರಗಳಿಂದ ಬೆಳೆದು ಹೆಸರು ಗಳಿಸಿತು; ಜೀನ್ಸ್ ತೊಳೆಯುವ ಘಟಕಗಳ ನೀಲಿ ನೀರಿನ ಪ್ರಶ್ನೆ ಮಾತ್ರ ಅದರ ಬೆನ್ನು ಬಿಟ್ಟಿಲ್ಲ. ಒಂದೊಂದು ಘಟಕವೂ ತನ್ನದೇ ಶುದ್ಧೀಕರಣ ಯಂತ್ರ ಕೊಳ್ಳುವುದು ಸಣ್ಣ ಮಾಲೀಕರಿಗೆ ಅಸಾಧ್ಯ. ಸಾಮೂಹಿಕ ಘಟಕಕ್ಕಾಗಿ ಸರ್ಕಾರದ ನೆರವನ್ನು ಕೇಳುವುದು ಅವರ ನ್ಯಾಯವಾದ ಹಕ್ಕು. ಆದರೆ ನೀರಿನ ಲೆಕ್ಕವಿಡದೆ, ಎಷ್ಟು ಬಳಸಿದೆವು ಎಷ್ಟು ಬಿಟ್ಟೆವು ಎಂಬ ಅಂಕಿಯನ್ನೂ ಕೊಡದೆ ಆ ಹಕ್ಕನ್ನು ಬಲವಾಗಿ ಮಂಡಿಸಲಾಗದು.

ನೈಸರ್ಗಿಕ ಬಣ್ಣಗಳು ಎಲ್ಲ ಸಮಸ್ಯೆಗೂ ಪರಿಹಾರವೆಂಬ ನಂಬಿಕೆಗೂ ಮಿತಿಯಿದೆ. ಅಡಿಕೆ ಚೊಗರು, ದಾಳಿಂಬೆ ಸಿಪ್ಪೆ, ನೀಲಿಗಿಡಗಳ ಬಣ್ಣ ನಿಜಕ್ಕೂ ಸೊಗಸು. ಆದರೆ ಬಣ್ಣ ಕಚ್ಚಲು ಪಟಿಕದ ಬದಲು ತಾಮ್ರ ಅಥವಾ ಕ್ರೋಮಿಯಂ ಲವಣ ಬಳಸಿದರೆ ಗಿಡದಿಂದ ಬಂದ ಬಣ್ಣದ ತೊಟ್ಟಿಯಿಂದಲೂ ವಿಷವೇ ಹೊರಬರುತ್ತದೆ. ಇಲ್ಲಿಯೂ 'ನೈಸರ್ಗಿಕ' ಎಂಬ ಪದವೊಂದೇ ಸಾಲದು. ಯಾವ ಲವಣವೆಂಬುದನ್ನೂ ಹೇಳಬೇಕು.

ನಷ್ಟ ಯಾರಿಗೆ?

ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ರಂಗಕರ್ಮಿ ಪ್ರಸನ್ನ ಅವರ ಮಾರ್ಗದರ್ಶನದಲ್ಲಿ ಬೆಳೆದ 'ಚರಕ' ಮಹಿಳಾ ಸಹಕಾರ ಸಂಘವು ಕೈಮಗ್ಗದ ಬಟ್ಟೆಗೆ ಅಡಿಕೆ ಚೊಗರಿನಂತಹ ಬಣ್ಣ ಹಚ್ಚಿ, 'ದೇಸಿ' ಅಂಗಡಿಗಳ ಮೂಲಕ ಮಾರಿ, ಗ್ರಾಮೀಣ ಹೆಣ್ಣುಮಕ್ಕಳಿಗೆ ದುಡಿಮೆ ಕೊಟ್ಟ ಸಂಸ್ಥೆ. ಪರಿಸರಸ್ನೇಹಿ ಎಂಬ ಪದಕ್ಕೆ ಕನ್ನಡ ನಾಡಿನಲ್ಲಿ ಅರ್ಹವಾದ ಸಂಸ್ಥೆಗಳನ್ನು ಎಣಿಸಿದರೆ ಅದು ಮೊದಲ ಸಾಲಿನಲ್ಲಿ ಬರುತ್ತದೆ. ಅಂತಹ ಸಂಸ್ಥೆಯೂ 2020ರಲ್ಲಿ ಆರ್ಥಿಕ ಸಂಕಷ್ಟಕ್ಕೆ ಸಿಲುಕಿ, ತಾನು ದಿವಾಳಿಯಾಗಿರುವುದಾಗಿ ಬಹಿರಂಗವಾಗಿ ಘೋಷಿಸಿಕೊಳ್ಳಬೇಕಾಯಿತು.

ಒಂದು ಸಂಸ್ಥೆಯ ಸಂಕಷ್ಟಕ್ಕೆ ಹಲವು ಕಾರಣಗಳಿರುತ್ತವೆ. ಆದರೂ ಮಾರುಕಟ್ಟೆಯ ಒಂದು ಸರಳ ನಿಯಮ ಎಲ್ಲ ಶುದ್ಧ ಸರಕಿನ ತಯಾರಕರಿಗೂ ಅನ್ವಯಿಸುತ್ತದೆ. ಕೈಯಿಂದ ನೇಯ್ದು, ಮಂದಗತಿಯಲ್ಲಿ ಬಣ್ಣ ಹಚ್ಚಿದ ಬಟ್ಟೆಗೆ ಖರ್ಚು ಹೆಚ್ಚು. ಕಾರ್ಖಾನೆಯ ಬಟ್ಟೆಗೆ ಎಲೆಯ ಚಿತ್ರ ಮುದ್ರಿಸಲು ಖರ್ಚೇ ಇಲ್ಲ. ಎರಡೂ ಒಂದೇ ಕಪಾಟಿನಲ್ಲಿ ಒಂದೇ ಪದ ಹೊತ್ತು ನಿಂತಾಗ ಗ್ರಾಹಕರು ಅಗ್ಗದ್ದನ್ನು ಆರಿಸಿಕೊಂಡರೆ ಅದು ಅವರ ತಪ್ಪಲ್ಲ. ವ್ಯತ್ಯಾಸವನ್ನು ತಿಳಿಯುವ ದಾರಿಯನ್ನು ವ್ಯಾಪಾರವೇ ಮುಚ್ಚಿರುತ್ತದೆ. ಖೋಟಾ ನಾಣ್ಯ ಚಲಾವಣೆಯಾದಲ್ಲಿ ಒಳ್ಳೆಯ ನಾಣ್ಯ ಮರೆಯಾಗುವಂತೆ, ಹುಸಿ ಹಸಿರು ಚೀಟಿಯ ಎದುರು ನಿಜವಾದ ಹಸಿರು ಬಟ್ಟೆ ಮರೆಯಾಗುತ್ತದೆ.

ಇದರ ಜೊತೆಗೆ ಇನ್ನೊಂದು ಕಹಿ ಸತ್ಯವೂ ಇದೆ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಂದ ಕೊಂಡ ಸರಕಿಗೆ ಹೆಚ್ಚೆಂದರೆ 45 ದಿನಗಳೊಳಗೆ ಹಣ ಪಾವತಿಸಬೇಕೆಂದು 2006ರ ಕಾಯ್ದೆ ಹೇಳುತ್ತದೆ. ನೇಕಾರರ ಬಾಕಿಯನ್ನು ಆರು ತಿಂಗಳು ಎಳೆದು, ಅವರು ನೇಯ್ದ ಸೀರೆಗೆ ಸುಸ್ಥಿರವೆಂಬ ಚೀಟಿ ಹಚ್ಚುವುದು ವಿಪರ್ಯಾಸವೇ ಸರಿ. ತಯಾರಕರು ಉಳಿಯದ ಮೇಲೆ ಸುಸ್ಥಿರವಾದದ್ದಾದರೂ ಏನು?

ಸಣ್ಣವರ ಆಕ್ಷೇಪ

ಇಷ್ಟು ಲೆಕ್ಕ ಇಡುವುದು, ಪರೀಕ್ಷೆ ಮಾಡಿಸುವುದು, ಪ್ರಮಾಣಪತ್ರ ಪಡೆಯುವುದು ದೊಡ್ಡ ಸಂಸ್ಥೆಗಳಿಗೆ ಸರಿ. ಹತ್ತು ಮಗ್ಗದ ಮಾಲೀಕರಿಗೆ, ಒಂದು ಬಾಗಿಲಿನ ಅಂಗಡಿಯವರಿಗೆ ಸಾಧ್ಯವೇ ಎಂಬ ಆಕ್ಷೇಪ ಸಹಜ. ಅದರಲ್ಲಿ ಹುರುಳಿದೆ. ಪರದೇಶದ ಪ್ರಮಾಣೀಕರಣದ ಶುಲ್ಕ, ವರ್ಷಕ್ಕೊಮ್ಮೆ ಬರುವ ತಪಾಸಣೆಯ ಖರ್ಚು ಸಣ್ಣ ಘಟಕಕ್ಕೆ ಭಾರವೇ. ನಿಯಮಗಳು ಸಣ್ಣವರನ್ನು ಹೊರಗಟ್ಟಿ ದೊಡ್ಡವರ ಹಾದಿಯನ್ನು ಸುಗಮಗೊಳಿಸುವ ಅಪಾಯವೂ ಇಲ್ಲದಿಲ್ಲ.

ಆದರೆ ಹಿಂದಿನ ಅನುಭವ ಬೇರೆಯದನ್ನೇ ಹೇಳುತ್ತದೆ. ಜರ್ಮನಿಯು 1994ರಲ್ಲಿ ಕ್ಯಾನ್ಸರ್‌ಕಾರಕ ಅಂಶಗಳನ್ನು ಬಿಡುಗಡೆ ಮಾಡುವ ಅಜೋ ಬಣ್ಣಗಳನ್ನು ನಿಷೇಧಿಸಿದಾಗ ಭಾರತದ ಜವಳಿ ವಲಯದಲ್ಲಿ ದೊಡ್ಡ ಆತಂಕ ಹುಟ್ಟಿತ್ತು. ಭಾರತ ಸರ್ಕಾರವೂ 1993ರಲ್ಲಿ ಬೆಂಜಿಡೀನ್ ಆಧಾರಿತ 42 ಬಣ್ಣಗಳನ್ನು, 1997ರಲ್ಲಿ 70 ಅಜೋ ಬಣ್ಣಗಳನ್ನು ನಿಷೇಧಿಸಿತು. ಉದ್ಯಮ ಮುಳುಗಲಿಲ್ಲ. ಬದಲಿ ಬಣ್ಣಗಳು ಬಂದವು. ಅಜೋ ಇಲ್ಲವೆಂಬ ಪರೀಕ್ಷಾ ಪತ್ರವು ಸರಕಿನೊಡನೆ ಹೋಗುವ ಸಾಮಾನ್ಯ ಕಾಗದವಾಯಿತು.

ರೇಷ್ಮೆಯ ಉದಾಹರಣೆ ಇನ್ನೂ ಹತ್ತಿರದ್ದು. ಕೃತಕ ರೇಷ್ಮೆಯನ್ನು ಶುದ್ಧ ರೇಷ್ಮೆಯೆಂದು ಮಾರುವ ಪಿಡುಗಿನಿಂದ ಪ್ರಾಮಾಣಿಕ ವ್ಯಾಪಾರಿಗಳು ನಲುಗಿದ್ದಾಗ, ಬೆಂಗಳೂರಿನಲ್ಲಿರುವ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ 'ಸಿಲ್ಕ್ ಮಾರ್ಕ್' ಚಿಹ್ನೆ ಬಂತು. ವರ್ತಕರು ಮತ್ತು ತಯಾರಕರು ಸದಸ್ಯರಾಗಿ ಸೇರಿ, ಸಾಮಾನ್ಯ ಗ್ರಾಹಕರೂ ಗುರುತಿಸಬಲ್ಲ ಒಂದು ಮುದ್ರೆಯನ್ನು ಬೆಳೆಸಿದರು. ಅದು ಹೇಳುವುದು ಒಂದೇ ಮಾತು: ಇದು ಶುದ್ಧ ರೇಷ್ಮೆ. ಒಂದೇ ಮಾತನ್ನು ಹೇಳುವುದರಿಂದಲೇ ಅದಕ್ಕೆ ತೂಕವಿದೆ. 2006ರಲ್ಲಿ ಬಂದ ಕೈಮಗ್ಗದ ಮುದ್ರೆಯೂ, ಇಳಕಲ್ ಮತ್ತು ಮೊಳಕಾಲ್ಮೂರು ಸೀರೆಗಳಿಗೆ ದೊರೆತ ಭೌಗೋಳಿಕ ಗುರುತೂ ಇದೇ ಬಗೆಯ ಸಾಮೂಹಿಕ ಆಸ್ತಿಗಳು. ಅವು ನೇಕಾರ ಊರಿನ, ನೇಯ್ಗೆಯ ವಿಧಾನದ ಸಾಕ್ಷಿಗಳೇ ಹೊರತು ಪರಿಸರದ ಸಾಕ್ಷಿಗಳಲ್ಲ. ಆದರೆ ಒಬ್ಬರಿಂದ ಆಗದ ಖರ್ಚನ್ನು ನೂರು ಜನ ಹಂಚಿಕೊಂಡರೆ ಆಗುತ್ತದೆಂಬುದನ್ನು ಅವು ತೋರಿಸಿಕೊಟ್ಟಿವೆ.

ಏನು ಮಾಡಬಹುದು?

ಮೊದಲನೆಯದಾಗಿ, ಒಂದು ಪದದ ಬದಲು ನಾಲ್ಕು ವಿವರಗಳನ್ನು ಕೊಡುವ ಅಭ್ಯಾಸವಾಗಬೇಕು. ಎಳೆ ಯಾವುದು, ಎಷ್ಟು ಪಾಲು, ನೂಲು ಎಲ್ಲಿಯದು, ನೇಯ್ದದ್ದು ಕೈಮಗ್ಗವೋ ವಿದ್ಯುತ್ ಮಗ್ಗವೋ, ಬಣ್ಣ ಯಾವುದು ಮತ್ತು ಅದರ ನೀರನ್ನು ಏನು ಮಾಡಲಾಯಿತು. ಪ್ರತಿ ಲಾಟಿಗೂ ಈ ನಾಲ್ಕು ಅಂಶಗಳನ್ನು ಖರೀದಿಯ ಖಾತೆಯಲ್ಲಿ ಬರೆದಿಡಲು ಪ್ರತ್ಯೇಕ ಗುಮಾಸ್ತರು ಬೇಕಿಲ್ಲ. ಉತ್ತರ ದೊರೆಯದ ಅಂಶವನ್ನು ಖಾಲಿ ಬಿಡಲಿ; ಖಾಲಿ ಇರುವುದರ ಬಗ್ಗೆ ಚೀಟಿಯಲ್ಲಿ ಮಾತನಾಡದಿರಲಿ. 'ಪರಿಸರಸ್ನೇಹಿ' ಎಂದು ಬರೆಯುವುದಕ್ಕಿಂತ 'ಮಳೆಯಾಶ್ರಿತ ದೇಸಿ ಹತ್ತಿ, ಬಣ್ಣ ಹಾಕದ್ದು' ಎಂದು ಬರೆಯುವುದು ಕಾನೂನಿಗೂ ಸುರಕ್ಷಿತ, ತಿಳಿದ ಗ್ರಾಹಕರಿಗೂ ಆಕರ್ಷಕ.

ಎರಡನೆಯದಾಗಿ, ಜಿಲ್ಲಾ ವಾಣಿಜ್ಯೋದ್ಯಮ ಸಂಸ್ಥೆಗಳು ಸದಸ್ಯರ ಪರವಾಗಿ ಪ್ರಯೋಗಾಲಯಗಳೊಡನೆ ಸಾಮೂಹಿಕ ದರವನ್ನು ಗೊತ್ತುಪಡಿಸಬಹುದು. ಎಳೆಯ ಪರೀಕ್ಷೆ, ಬಣ್ಣದ ಪರೀಕ್ಷೆ, ತ್ಯಾಜ್ಯ ನೀರಿನ ಪರೀಕ್ಷೆಗಳು ಒಬ್ಬೊಬ್ಬರಾಗಿ ಮಾಡಿಸಿದರೆ ದುಬಾರಿ. ಸಂಘದ ಮೂಲಕ ಕೈಗೆಟಕುತ್ತವೆ. ಸಣ್ಣ ಉದ್ದಿಮೆಗಳ ಝೆಡ್ ಪ್ರಮಾಣೀಕರಣ ಯೋಜನೆಯನ್ನು ಕೇಂದ್ರ ಸರ್ಕಾರ 2022ರಲ್ಲಿ ಪರಿಷ್ಕರಿಸಿದಾಗ ಸೂಕ್ಷ್ಮ ಘಟಕಗಳಿಗೆ ಶುಲ್ಕದ ಶೇ 80, ಸಣ್ಣ ಘಟಕಗಳಿಗೆ ಶೇ 60, ಮಧ್ಯಮ ಘಟಕಗಳಿಗೆ ಶೇ 50ರಷ್ಟು ಸಹಾಯಧನ ಪ್ರಕಟಿಸಿತು. ದೋಷರಹಿತ ಸರಕು, ಪರಿಸರಕ್ಕೆ ಹಾನಿಯಿಲ್ಲದ ತಯಾರಿಕೆ ಎಂಬುದೇ ಅದರ ಧ್ಯೇಯ. ಇಂತಹ ನೆರವುಗಳನ್ನು ಸದಸ್ಯರಿಗೆ ತಲುಪಿಸುವುದು ಸಂಸ್ಥೆಗಳ ಕರ್ತವ್ಯ.

ಮೂರನೆಯದಾಗಿ, ಹುಬ್ಬಳ್ಳಿ, ಗದಗ, ರಾಯಚೂರುಗಳಂತಹ ಹತ್ತಿ ಮಾರುಕಟ್ಟೆಗಳಲ್ಲಿ ವರ್ಷದ ಕೆಲವು ದಿನಗಳನ್ನಾದರೂ ದೇಸಿ ಮತ್ತು ಸಾವಯವ ಹತ್ತಿಯ ಜಿನ್ನಿಂಗಿಗೆಂದೇ ಮೀಸಲಿಡುವ ಒಪ್ಪಂದವನ್ನು ಜಿನ್ನಿಂಗ್ ಮಾಲೀಕರು, ರೈತ ಗುಂಪುಗಳು ಮತ್ತು ಖಾದಿ ಸಂಘಗಳು ಮಾಡಿಕೊಳ್ಳಬಹುದು. ಬೇರೆಬೇರೆ ಊರುಗಳ ಸಣ್ಣ ರಾಶಿಗಳು ಒಂದೇ ವಾರದಲ್ಲಿ ಬಂದರೆ ಯಂತ್ರ ಸ್ವಚ್ಛಗೊಳಿಸುವ ಖರ್ಚು ಎಲ್ಲರಿಗೂ ಹಂಚಿಹೋಗುತ್ತದೆ, ಹತ್ತಿಯ ಗುರುತೂ ಉಳಿಯುತ್ತದೆ.

ನಾಲ್ಕನೆಯದಾಗಿ, ಬಾಳಿಕೆಯೂ ಪರಿಸರದ ಒಂದು ಗುಣವೆಂಬುದನ್ನು ವರ್ತಕರು ಧೈರ್ಯವಾಗಿ ಹೇಳಬೇಕು. ನಾಲ್ಕು ಒಗೆತಕ್ಕೆ ಆಕಾರ ಕೆಡುವ ಸಾವಯವ ಅಂಗಿಗಿಂತ ಹದಿನೈದು ವರ್ಷ ಉಟ್ಟ ಇಳಕಲ್ ಸೀರೆ ಭೂಮಿಗೆ ಹಗುರ. ಉಟ್ಟು ಹಳತಾದ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿದು ಇನ್ನೊಂದು ತಲೆಮಾರಿಗೆ ಹೊದಿಸಿದ ಉತ್ತರ ಕರ್ನಾಟಕದ ಮನೆಗಳಿಗೆ ಮರುಬಳಕೆಯ ಪಾಠ ಹೊರಗಿನಿಂದ ಬರಬೇಕಾಗಿಲ್ಲ. ಬಣ್ಣ ಎಷ್ಟು ಗಟ್ಟಿ, ನೂಲು ಎಷ್ಟು ದಿನ ಬಾಳುತ್ತದೆ, ಹರಿದರೆ ರಫು ಮಾಡಿಕೊಡುವಿರಾ ಎಂಬ ಪ್ರಶ್ನೆಗಳಿಗೆ ಅಂಗಡಿಯವರೇ ಉತ್ತರಿಸಬಲ್ಲರು. ಇದಕ್ಕೆ ಯಾವ ಪರದೇಶದ ಪ್ರಮಾಣಪತ್ರವೂ ಬೇಡ.

ಪರಿಸರದ ಕಾಳಜಿಯುಳ್ಳ ಗ್ರಾಹಕರು ಇನ್ನೂ ಕಡಿಮೆ ಸಂಖ್ಯೆಯಲ್ಲಿರಬಹುದು. ಆದರೆ ಅವರು ಪ್ರಶ್ನೆ ಕೇಳುವ ಗ್ರಾಹಕರು. ಒಮ್ಮೆ ಮೋಸಹೋದರೆ ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಅವರ ನಂಬಿಕೆಯನ್ನು ಉಳಿಸಿಕೊಂಡರೆ ಜಯಧರ ಬಿತ್ತುವ ರೈತರಿಗೂ, ಚೊಗರಿನ ಬಣ್ಣದ ಕೈಮಗ್ಗಕ್ಕೂ, ನೀರನ್ನು ಶುದ್ಧೀಕರಿಸಿ ಬಿಡುವ ಬಣ್ಣದ ಘಟಕಕ್ಕೂ ಮಾರುಕಟ್ಟೆಯಲ್ಲಿ ಸ್ಥಾನ ಉಳಿಯುತ್ತದೆ. ಕಳೆದುಕೊಂಡರೆ ಆ ಸ್ಥಾನವನ್ನು ಎಲೆಯ ಚಿತ್ರ ಮುದ್ರಿಸುವ ಯಂತ್ರವು ತುಂಬುತ್ತದೆ. ತೂಕದಲ್ಲಿ, ಅಳತೆಯಲ್ಲಿ, ಲೆಕ್ಕದಲ್ಲಿ ನೇರವಾಗಿರುವುದನ್ನು ವರ್ತಕರು ತಮ್ಮ ಮನೆತನದ ಮರ್ಯಾದೆಯೆಂದು ಕಾಪಾಡಿಕೊಂಡು ಬಂದಿದ್ದಾರೆ. ಹಸಿರು ಚೀಟಿಯೂ ಇನ್ನು ಮುಂದೆ ಅದೇ ತಕ್ಕಡಿಯಲ್ಲಿ ತೂಗಲ್ಪಡಲಿ.